ಅನ್ನವ್ವನ ಸಾಲು

ಆಡೂರು, ತಾಲೂಕು ಹಾನಗಲ್ಲ
ತಾ. ೧೪ ಸಪ್ಟಂಬರ ೧೯೩೮

ಚಿ. ಸೌ. ವೀರವ್ವನಿಗೆ ಆಡೂರಿನಿಂದ ನಿನ್ನ ಅವ್ವ ಮಾಡುವ ಮನಃಪೂರ್ವಕ ಆಶೀರ್ವಾದಗಳು. ಇಲ್ಲಿ ಮನೆಮಂದಿ, ದನಕರು ಎಲ್ಲ ನೆಟ್ಟಗಿದ್ದೇವೆ. ಚಿಕ್ಕೇರೂರಿನಲ್ಲಿ ನೀನು, ಅಳಿಯಂದಿರು, ನಿನ್ನ ಅತ್ತೆಯವರು, ಎಲ್ಲಕ್ಕೂ ಮುಖ್ಯವಾಗಿ ನಮ್ಮ ಕೂಸು ಸುಖವಾಗಿದ್ದೀರೆಂದು ನಂಬಿದ್ದೇನೆ. ಕೂಸಿಗೆ ಎರೆಯುವಾಗ ತಲೆಯನ್ನು ಗುಂಡಗೆ ತಿದ್ದುವುದನ್ನು ಮರೆಯಬೇಡ. ನಿಮ್ಮಪ್ಪನ ಮನೆತನದವರದೆಲ್ಲ ಚಪ್ಪಟೆ ತಲೆ.

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರ ತಡವಾದದ್ದಕ್ಕೆ ಮಳೆ, ಕಳೆ, ನೆಗಡಿ ಎಂದು ಏನಾದರೂ ನೆಪ ಹೇಳಬಹುದಿತ್ತು. ಹೇಳುವುದಿಲ್ಲ. ಸಿಟ್ಟು ಬಂದಿತ್ತು, ಬರೆಯಲಿಲ್ಲ. ನಿಮ್ಮಪ್ಪ ದಿನಾ ಊಟಕ್ಕೆ ಕೂತಾಗ "ಮಗಳಿಗೆ ಬರದಿಯೇನ?" ಎಂದು ಕೇಳುತ್ತಾರೆ. "ಕೈ ನೋಯ್ತಾವ್ರಿ" ಎಂದು ಸಾಗಹಾಕುತ್ತಿದ್ದೆ. ಕೈ ನೋಯುವುದೂ ಸುಳ್ಳಲ್ಲ. ಅದು ಹೇಗಾಯಿತೆಂದು ಹೇಳುತ್ತೇನೆ.

ನಿನ್ನ ಅತ್ತೆಯವರು ಕಾಲು ಮುರಿದುಕೊಂಡು ಮಲಗಿದ್ದರಿಂದ ನಿಂತುಹೋಗಿದ್ದ ತೊಟ್ಟಿಲ ಕಾರ್ಯವನ್ನು ಈಗ ದಸರೆಗೆ ಮಾಡುತ್ತೀರಂತೆ. ಸಂತೋಷ. ಕೂಸಿಗೆ ಚಿಗವ್ವನ ಹೆಸರಿಡುತ್ತೇನೆ, ಅನ್ನವ್ವ ಎಂದು ಕರೆಯುತ್ತೇನೆ ಎಂದು ಬರೆದಿದ್ದೀಯಲ್ಲ, ಅದನ್ನು ಓದಿದ ಮೇಲೆ ನನಗೆ ರೊಟ್ಟಿ ಸೇರಲಿಲ್ಲ.

ಅನ್ನವ್ವ ಯಾಕೆ? ನಿನಗೆ ಅವಳು ಕಾಕಾನ ಹೆಂಡತಿ, ನನಗೆ ನೆಗೆಣ್ಣಿ. ಒಂದೇ ಒಲೆಯ ಮುಂದೆ ವರ್ಷಗಟ್ಟಲೆ ಕೂಡಿ ರೊಟ್ಟಿ ಬಡಿದವರು ನಾವು. ನಾನು ಸವಣೂರಿನ ಸಾಲೆಯಲ್ಲಿ ನಾಲ್ಕನೇ ಇಯತ್ತೆ ಪಾಸಾದವಳು, ಅವಳಿಗೆ ಸಹಿ ಮಾಡಲು ಬರುತ್ತಿರಲಿಲ್ಲ. ಆದರೆ ಹೋದ ದೀಪಾವಳಿಗೆ ಅವಳು ತೀರಿಕೊಂಡಾಗಿನಿಂದ ಊರಿನಲ್ಲಿ ಯಾರ ಬಾಯಿ ತೆಗೆದರೂ ಅನ್ನವ್ವ, ಅನ್ನವ್ವ. ಸತ್ತ ಎಮ್ಮೆಗೆ ಹಾಲು ಹೆಚ್ಚು ಅನ್ನುತ್ತಾರಲ್ಲ, ಹಾಗೆ. ನಿಮ್ಮಪ್ಪ ನನ್ನ ಹೆಸರಿನಲ್ಲಿ ಬಾವಿ ಕಟ್ಟಿಸಿ ಕಲ್ಲಿನಲ್ಲಿ ಅಕ್ಷರ ಕೆತ್ತಿಸಿದರು. ಅದನ್ನು ಓದಿದವರು ಇನ್ನೂ ಹುಟ್ಟಿಲ್ಲ. ಹೆಂಗಸರು ಆ ಕಲ್ಲಿನ ಮೇಲೆಯೇ ಕೊಡ ಇಟ್ಟು ಅನ್ನವ್ವನ ಮಾತಾಡುತ್ತಾರೆ. ಹೊಟ್ಟೆಕಿಚ್ಚು ಅನ್ನುತ್ತೀಯೇನು? ಅನ್ನು. ಹೊಟ್ಟೆಕಿಚ್ಚೇ.

ಈ ಸಲ ಕಳೆ ತೆಗೆಯುವ ಮುಯ್ಯಿಯನ್ನು ನಾನೇ ನಡೆಸಬೇಕೆಂದು ಹಟ ಹಿಡಿದೆ. ಇವತ್ತು ಎಲ್ಲರೂ ನಿನ್ನ ಹೊಲಕ್ಕೆ, ನಾಳೆ ಎಲ್ಲರೂ ನನ್ನ ಹೊಲಕ್ಕೆ, ಮುಯ್ಯಿಗೆ ಮುಯ್ಯಿ. ಇದು ನಮ್ಮ ಹಿರಿಯರಿಂದ ಬಂದದ್ದು, ಅನ್ನವ್ವ ಹುಟ್ಟಿಸಿದ್ದಲ್ಲ. ಅವಳು ಸೇರಿಸಿದ್ದು ಒಂದೇ. ಬಾಣಂತಿಯಾದವಳು ಮುಯ್ಯಿ ತೀರಿಸಲಾರಳು, ಅವಳ ಹೊಲಕ್ಕೆ ಮೊದಲು ಯಾರೂ ಹೋಗುತ್ತಿರಲಿಲ್ಲ. ಅನ್ನವ್ವ ಏನು ಮಾಡಿದಳೆಂದರೆ, ಯಾರದೇ ಹೊಲದಲ್ಲಿ ಒಬ್ಬೊಬ್ಬರು ಒಂದೊಂದು ಸಾಲು ಹಿಡಿದು ಕೂತಾಗ ಬಾಣಂತಿಯ ಹೆಸರಿಗೂ ಒಂದು ಸಾಲು ಬಿಡಿಸಿ, ಅದನ್ನು ಎಲ್ಲರೂ ಸೇರಿ ತೆಗೆದುಬಿಡುವುದು. ಅಲ್ಲಿಗೆ ಅವಳೂ ಬಂದಂತೆಯೇ ಲೆಕ್ಕ, ಅವಳ ಹೊಲದ ಪಾಳಿಯೂ ತಪ್ಪುವುದಿಲ್ಲ. ಇಷ್ಟಕ್ಕೆ ಊರೆಲ್ಲ ಅದನ್ನು ಅನ್ನವ್ವನ ಸಾಲು ಅನ್ನುತ್ತದೆ.

ನಮ್ಮ ಭತ್ತದ ಹೊಲದ ಪಾಳಿ ಬಂತು. ಅನ್ನವ್ವ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಹೋಗುತ್ತಿದ್ದಳು. ನಾನು ಹೋಳಿಗೆ ಮಾಡಿಸಿದೆ, ತುಪ್ಪ ಸುರಿದೆ. ಎಲ್ಲರೂ ಉಂಡರು, ಹೊಗಳಿದರು. ಅವಳಿಗಿಂತ ಒಂದು ಕೈ ಮೇಲಾಗಲಿ ಎಂದು ಸಂಜೆಗೆ ಒಬ್ಬೊಬ್ಬಳ ಉಡಿಗೂ ಜೋಳ ಅಳೆದು ಹಾಕತೊಡಗಿದೆ. ಓಣಿಯ ಗುತ್ತೆವ್ವ ಎಲ್ಲರಿಗಿಂತ ಹಿರಿಯಳಲ್ಲವೆ, ಅವಳು ಸೆರಗು ಒಡ್ಡಲಿಲ್ಲ.

"ಇದೇನ್ರಿ ಅವ್ವಾರ?"

"ದುಡದೀರಲ್ಲ, ತಗೋರಿ. ಅನ್ನವ್ವ ಒಂದು ದಿನಾನರ ಕಾಳು ಕೊಟ್ಟಿದ್ಲೇನು?"

"ಕೊಟ್ಟಿಲ್ರಿ. ಅವರು ನಮ್ಮ ಹೊಲಕ್ಕ ಬರ್ತಿದ್ರು. ನಾವು ಕೂಲಿಗೆ ಬಂದಿಲ್ರಿ, ಮುಯ್ಯಿಗೆ ಬಂದೇವಿ. ನಾಳೆ ನೀವು ನಮ್ಮ ಹೊಲಕ್ಕ ಬರ್ರಿ, ಅಷ್ಟ ಸಾಕು."

ನನಗೆ ನಗು ಬಂತು, ನಕ್ಕೂಬಿಟ್ಟೆ. ಗೌಡರ ಮನೆಯ ಹಿರೇಸೊಸೆ ಗುತ್ತೆವ್ವನ ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು ಹುಲ್ಲು ಕೀಳುವುದೆ? ಆ ಹೆಂಗಸರು ಉಡಿಯಲ್ಲಿದ್ದ ಜೋಳವನ್ನು ಒಬ್ಬೊಬ್ಬರಾಗಿ ಬುಟ್ಟಿಗೆ ಸುರುವಿ ಹೋದರು. ಮರುದಿನ ಯಾರೂ ಬರಲಿಲ್ಲ, ಅದರ ಮರುದಿನವೂ ಇಲ್ಲ. ಅರ್ಧ ಹೊಲ ಹಸನು, ಅರ್ಧ ಹೊಲ ಹುಲ್ಲು. ದಾರಿಯಲ್ಲಿ ಹೋಗುವವರೆಲ್ಲ ನಿಂತು ನೋಡುವಂತಾಯಿತು.

ಬೇಕಾದಷ್ಟು ಕೊಟ್ಟೂ ಕೆಟ್ಟವಳಾದೆನಲ್ಲ ಎಂದು ನಿಮ್ಮಪ್ಪನ ಮುಂದೆ ಅತ್ತೆ. ಅವರು ಎಲೆಗೆ ಸುಣ್ಣ ಹಚ್ಚುತ್ತ, "ಹೋಗಬೇಕಾಗಿತ್ತು ನೋಡು. ಅನ್ನವ್ವ ಹೋಗ್ತಿದ್ಲು" ಎಂದರು. ಕಟ್ಟಿಕೊಂಡ ಗಂಡನ ಬಾಯಲ್ಲೂ ಅದೇ ಹೆಸರು! ಆ ದಿನವೆಲ್ಲ ನಾನು ಅವರ ಸಂಗಡ ಮಾತಾಡಲಿಲ್ಲ. ಅವರಿಗೆ ಅದು ತಿಳಿದಂತೆಯೂ ಕಾಣಲಿಲ್ಲ.

ಮುಂದೆ ಒಂದು ಮುಂಜಾನೆ ಹೊಲದ ಗತಿ ನೋಡಿ ಬರೋಣವೆಂದು ಹೋದರೆ, ಬದುವಿನಾಚೆ ಪಿಂಜಾರ ಮಜೀದನ ಹೊಲದಲ್ಲಿ ಅವರೆಲ್ಲ ಕೂತಿದ್ದರು. ಮಜೀದನ ಹೆಂಡತಿ ನೂರಜಹಾನ ಹಡೆದು ಮಲಗಿದ್ದಾಳೆ. ನಮ್ಮ ಹೊಲ ಬಿಟ್ಟು ಅಲ್ಲಿ! ನನ್ನನ್ನು ಕಂಡು ಗುತ್ತೆವ್ವ ಕೂಗಿದಳು. "ಬರ್ರಿ ಅವ್ವಾರ, ಈ ಸಾಲು ಖಾಲಿ ಐತಿ."

ಪ್ರೀತಿಯಿಂದ ಇಳಿದೆನೆಂದು ತಿಳಿಯಬೇಡ ಮಗಳೆ. ಸತ್ತವಳ ಮೇಲಿನ ಛಲಕ್ಕೆ ಇಳಿದೆ. ಅವಳು ಮಾಡಿದ್ದನ್ನು ನಾನು ಮಾಡಲಾರೆನೆ ಎಂದು ಸೀರೆ ಎತ್ತಿಕಟ್ಟಿ ಕೂತೆ. ಸ್ವಲ್ಪ ಹೊತ್ತಿಗೆ ಪಕ್ಕದವಳು ಕಿಸಕ್ಕನೆ ನಕ್ಕು, "ಅವ್ವಾರ, ನೀವು ಕೀಳಾಕತ್ತಿದ್ದು ಭತ್ತರಿ, ಹುಲ್ಲು ಹಂಗ ಬಿಟ್ಟೀರಿ" ಎಂದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಏನು ಮಾಡಲಿ, ನಾನೂ ನಕ್ಕೆ. ಕಿತ್ತದ್ದನ್ನು ಮತ್ತೆ ನೆಟ್ಟೆ. ಸೊಂಟ ಬಿದ್ದುಹೋದರೂ ಸಾಲು ಮುಗಿಸದೆ ಏಳಲಿಲ್ಲ. ಬೆರಳೆಲ್ಲ ಸೀಳಿ ರಕ್ತ ಬಂತು. ಹೇಳಿದೆನಲ್ಲ, ಕೈನೋವು, ಅದು ಇದೇ.

ಸಾಲಿನ ತುದಿ ಮುಟ್ಟಿದಾಗ ನನಗೆ ಒಳಗೊಳಗೆ ಹಿಗ್ಗು. ಈಗಲಾದರೂ ನನ್ನ ಹೆಸರು ಹೇಳುತ್ತಾರೆಂದು ಕಾದೆ. ಗುತ್ತೆವ್ವ ನನ್ನ ಕೈಗೆ ನೀರು ಹಾಕುತ್ತ, ಕಣ್ಣು ತುಂಬಿಕೊಂಡು ಅಂದಳು: "ಕುಂತದ್ದು ನೋಡಿದ್ರ ಥೇಟ್ ಅನ್ನವ್ವಾರ ಕುಂತಂಗ ಆತ್ರಿ."

ನೋಡಿದೆಯಾ? ಸೊಂಟ ನನ್ನದು, ಬೆರಳು ನನ್ನದು, ರಕ್ತ ನನ್ನದು, ಹೆಸರು ಮಾತ್ರ ಅವಳದು. ನಾನು ಇನ್ನೇನು ಮಾಡಿದರೂ ಅದು ಅವಳ ಪಾಲಿಗೇ ಜಮೆಯಾಗುತ್ತದೆ. ಮರುದಿನ ಎಲ್ಲರೂ ಬಂದು ನಮ್ಮ ಉಳಿದರ್ಧ ಹೊಲ ತೆಗೆದುಕೊಟ್ಟರು, ಅದು ಬೇರೆ ಮಾತು. ನಾನೂ ಗುತ್ತೆವ್ವನ ಹೊಲಕ್ಕೆ ಹೋಗಿ ಬಂದೆ. ಮುಯ್ಯಿ ಉಳಿಸಿಕೊಳ್ಳಬಾರದಲ್ಲ.

ಆದ್ದರಿಂದ ಆ ಹೆಸರು ಬೇಡ. ಬದುಕಿದ್ದವರ ಹೆಸರನ್ನು ಕೂಸಿಗೆ ಇಡುವುದು ನಮ್ಮಲ್ಲಿಲ್ಲ, ಹಾಗಾಗಿ ನನ್ನದು ಇಡು ಎಂದು ನಾನು ಕೇಳುವಂತೆಯೂ ಇಲ್ಲ. ಬದುಕಿರುವುದೇ ನನ್ನ ತಪ್ಪು. ನಿಮ್ಮಜ್ಜಿಯ ಹೆಸರು ಇಡು, ನೀಲವ್ವ ಎಂದು. ಎಷ್ಟು ಚೆಂದದ ಹೆಸರು. ಅನ್ನವ್ವ ಎಂದೇ ಇಡುವುದಾದರೆ ತೊಟ್ಟಿಲನ್ನು ನಿಮ್ಮಪ್ಪ ಗಾಡಿಯಲ್ಲಿ ತರುತ್ತಾರೆ, ನಾನು ಬರುವುದಿಲ್ಲ. ಇದು ಕಡೆಯ ಮಾತು.

ಕೂಸಿಗೆ ದೃಷ್ಟಿ ತೆಗೆಯುತ್ತಿರು. ಅಳಿಯಂದಿರಿಗೆ ಸವಣೂರಿನ ಎಲೆ ಕಳಿಸಿದ್ದೇನೆ, ಒದ್ದೆ ಬಟ್ಟೆಯಲ್ಲಿ ಸುತ್ತಿಡು. ನಿನ್ನ ಅತ್ತೆಯವರಿಗೆ ನನ್ನ ಶರಣು. ನಿನ್ನ ಮನೆ ತುಂಬಿರಲಿ, ಮಗಳೆ, ನಿನ್ನ ಮಡಿಲು ತಂಪಾಗಿರಲಿ.

ನಿನ್ನ ಅವ್ವ,
ಮಹಾದೇವಕ್ಕ

ತಾ. ಕ. ಲಕೋಟೆ ಅಂಟಿಸಬೇಕೆಂದವಳು ಮತ್ತೆ ತೆಗೆದು ಕೂತಿದ್ದೇನೆ. ಹೆರಿಗೆಯ ಬೇನೆ ತಿನ್ನುವಾಗ ನೀನು ನನ್ನ ಎದೆಗೆ ಒರಗಿದ್ದೆ, ನಿನಗೆ ನೆನಪಿದೆಯೋ ಇಲ್ಲವೋ. ಎಲ್ಲರ ಮಕ್ಕಳೂ ಆಗ "ಯವ್ವಾ" ಎಂದು ಕೂಗುತ್ತಾರೆ. ನೀನು "ಚಿಗವ್ವಾ, ಎಲ್ಲಿದ್ದಿ?" ಎಂದು ಕೂಗಿದೆ. ಅವಳು ಮಣ್ಣಾಗಿ ಆರು ತಿಂಗಳಾಗಿತ್ತು. ಸೂಲಗಿತ್ತಿ ಮಂಜವ್ವ ನನ್ನ ಮುಖ ನೋಡಿದಳು. ನಾನು ನಿನ್ನ ಕಿವಿಯಲ್ಲಿ "ಇಲ್ಲೇ ಅದೇನಿ, ಮಗಳ" ಎಂದೆ. ನೀನು ಕಣ್ಣು ಮುಚ್ಚಿಕೊಂಡೇ ನನ್ನ ಕೈ ಹಿಡಿದೆ, ಕೂಸು ಹುಟ್ಟುವವರೆಗೆ ಬಿಡಲಿಲ್ಲ. ಅವಳ ಹೆಸರನ್ನೇ ಇಡು, ತೊಟ್ಟಿಲಿನ ಸಂಗಡ ನಾನೂ ಬರುತ್ತೇನೆ. ಆದರೆ ಆ ಕೈ ನನ್ನದಾಗಿತ್ತು, ವೀರವ್ವ.