ಕೈಗೆ ಕೊಡದ ಗಡ್ಡೆ

ಕುರುಬರಹಳ್ಳಿ,
ಮಂಗಳವಾರ, ೧೭ ಜೂನ್ ೨೦೨೫

ತಮ್ಮ ನಾಗೇಂದ್ರನಿಗೆ,

ನಿನ್ನ ಆರೋಗ್ಯ ಚೆನ್ನಾಗಿಯೇ ಇರಬೇಕು. ಮೈ ಹುಷಾರಿಲ್ಲದವನಿಗೆ ಇಷ್ಟು ಬಾಯಿ ಇರುವುದಿಲ್ಲ. ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀಯ, ಸಂತೋಷ. ಕೊರಿಯರಿನವನನ್ನು ಬ್ಲಾಕ್ ಮಾಡುವ ಬಟನ್ ಇನ್ನೂ ಬಂದಿಲ್ಲವಾದ್ದರಿಂದ ಈ ಕಾಗದ. ಅಮ್ಮ ಹೇಗಿದ್ದಾಳೆಂದು ನೀನು ನನ್ನನ್ನು ಕೇಳಿಲ್ಲ, ಆದರೂ ಹೇಳುತ್ತೇನೆ. ಅವಳ ಶ್ವಾಸಕೋಶದ ಗಡ್ಡೆಗೆ ರೋಬೋಟ್ ಯಂತ್ರದ ಚಿಕಿತ್ಸೆ ಐದು ಸಿಟ್ಟಿಂಗ್ ಆಗಬೇಕು. ಮೂರು ಆಗಿದೆ. ನಿನ್ನೆ ನಾಲ್ಕನೆಯದಕ್ಕೆ ಗಾಡಿ ಬಾಗಿಲಿಗೆ ಬಂದು ನಿಂತರೂ ಮಾತೃಶ್ರೀ ಮುನಿತಾಯಮ್ಮನವರು ಮಂಚ ಬಿಟ್ಟು ಏಳಲಿಲ್ಲ. ಕಾರಣ ನೀನು.

ಭಾನುವಾರ ನೀನು ನನ್ನ ಮಗಳು ಮಾನಸಳ ಫೋನಿಗೆ ಮಾಡಿ ಅಮ್ಮನ ಹತ್ತಿರ ಆಡಿದ್ದೆಲ್ಲ ಸ್ಪೀಕರಿನಲ್ಲಿತ್ತು, ಮಹಾರಾಯ. “ನಂಗೆ ಪಿತ್ತಕೋಶದ ಕಲ್ಲು ತೆಗ್ದು ಕೈಗೇ ಕೊಟ್ರು ಕಣಮ್ಮ. ನಿಂಗೇನ್ ಕೊಟ್ರು? ಕುಯ್ದಿಲ್ಲ, ಹೊಲಿದಿಲ್ಲ, ಅದ್ಯಾವ ಸೀಮೆ ಆಪರೇಷನ್ನು? ಅಣ್ಣ ನಿನ್ನ ಫೋಟೋ ಸ್ಟುಡಿಯೋಗೆ ಕರ್ಕೊಂಡ್ ಹೋಗಿರ್ಬೇಕು!” ಆ ಏಳು ಕಲ್ಲನ್ನು ಬಾಟಲಿಗೆ ಹಾಕಿ, ಕೆಂಗೇರಿ ಮನೆಯ ಶೋಕೇಸಿನಲ್ಲಿಟ್ಟು, ಬಂದವರಿಗೆ ಕಾಫಿಗಿಂತ ಮೊದಲು ತೋರಿಸುವವನು ನೀನು. ನಿನ್ನನ್ನು ನೋಡಿಯೇ ಅಮ್ಮ ಮೊದಲ ದಿನ ನನ್ನ ಪಾತ್ರೆ ಅಂಗಡಿಯಿಂದ ಮುಚ್ಚಳದ ಸ್ಟೀಲ್ ಡಬ್ಬಿ ತರಿಸಿ ಚೀಲದಲ್ಲಿಟ್ಟುಕೊಂಡಿದ್ದಳು, ತೆಗೆದ ಗಡ್ಡೆಯನ್ನು ತುಂಬಿಕೊಂಡು ಬರಲು. ಮೂರು ಸಲವೂ ಡಬ್ಬಿ ಖಾಲಿ ಬಂತು. ಅವಳ ಅನುಮಾನಕ್ಕೆ ನೀನು ಒಗ್ಗರಣೆ ಹಾಕಿದೆ.

ರೋಬೋಟ್ ಎಂದರೆ ಚಾಕು ಹಿಡಿದ ಕಬ್ಬಿಣದ ಮನುಷ್ಯನಲ್ಲವೋ. ಅಮ್ಮ ಸುಮ್ಮನೆ ಮಲಗಿರುತ್ತಾಳೆ, ಯಂತ್ರದ ತೋಳು ಸುತ್ತ ತಿರುಗುತ್ತಾ ಹತ್ತಾರು ಕಡೆಯಿಂದ ವಿಕಿರಣ ಬಿಡುತ್ತದೆ. ಉಸಿರಾಡುವಾಗ ಗಡ್ಡೆ ಅಲುಗಿದರೆ ತೋಳೂ ಅದರ ಜೊತೆಗೇ ಅಲುಗುತ್ತದೆ. ಗಡ್ಡೆ ಒಳಗೇ ಸಾಯಬೇಕು, ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ತಟ್ಟೆಯಲ್ಲಿಟ್ಟು ತೋರಿಸಲು ಅದೇನು ಮೈಸೂರು ಪಾಕೇ? ಕುಯ್ಯಿಸೋಣವೆಂದರೆ ಅವಳ ಹೃದಯ ಅರಿವಳಿಕೆ ತಡೆಯದು ಎಂದಿದ್ದಾರೆ ಡಾಕ್ಟರಮ್ಮ. ಅರ್ಧಕ್ಕೆ ಬಿಟ್ಟರೆ ಆದ ಮೂರೂ ದಂಡವಾಗಬಹುದಂತೆ.

ನಾನು ಅಂಗಡಿಯವನು, ಎಣಿಸುವ ಚಾಳಿ ಬಿಡುವುದಿಲ್ಲ. ಪರೀಕ್ಷೆ, ಸ್ಕ್ಯಾನ್ ಎಲ್ಲ ಸೇರಿ ಅಮ್ಮನನ್ನು ಕರೆದುಕೊಂಡು ನಾನು ಆಸ್ಪತ್ರೆಗೆ ಹೋಗಿಬಂದದ್ದು ಹನ್ನೊಂದು ಸಲ. ನೀನು ನೋಡಲು ಬಂದದ್ದು ಒಂದು ಸಲ. ಅಂದೂ ಮೈಮೇಲೆ ಎಲ್ಲೂ ಬ್ಯಾಂಡೇಜು ಕಾಣಲಿಲ್ಲವೆಂದು, ತಂದಿದ್ದ ಬ್ರೆಡ್ಡು, ಕಿತ್ತಳೆ ಎತ್ತಿಕೊಂಡು ವಾಪಸ್ಸು ಹೋದೆ! ಇಡೀ ಬೀದಿ ನಕ್ಕಿತು. ಕಿತ್ತಳೆ ಸಿಹಿಯಿತ್ತೇ?

ಇನ್ನು ಈ ಕಡೆ ತಲೆ ಹಾಕಬೇಡ. ನಿನ್ನ ಬುದ್ಧಿವಾದ ನಿನ್ನ ಮನೆಯಲ್ಲೇ ಇರಲಿ. ಕಮಲಾಕ್ಷಮ್ಮನಿಗೆ ನನ್ನ ಆಶೀರ್ವಾದ ತಿಳಿಸು. ಗಂಡನ ಪಾಲಿನದನ್ನೂ ಅವಳೇ ಇಟ್ಟುಕೊಳ್ಳಲಿ.

ಇಂತಿ, ನಿನ್ನ ದುರದೃಷ್ಟಕ್ಕೆ ನಿನಗಿಂತ ಮೊದಲು ಹುಟ್ಟಿದ
ಮರಿಯಪ್ಪ

ವಿ.ಸೂ.: ಡಾಕ್ಟರಮ್ಮ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಮತ್ತೆ ಸಮಯ ಕೊಟ್ಟಿದ್ದಾರೆ, ಇನ್ನು ಮುಂದೂಡುವಂತಿಲ್ಲ. ಗದರಿದೆ, ಕೈಮುಗಿದೆ, ಅಮ್ಮ ಜಗ್ಗಲಿಲ್ಲ. “ಚಿಕ್ಕೋನು ಹೋಗು ಅಂದ್ರೆ ಹೋಗ್ತೀನಿ” ಎನ್ನುತ್ತಾಳೆ. ಬುಧವಾರ ರಾತ್ರಿ ಅವಳು ಮಲಗುವ ಮೊದಲು ಫೋನ್ ಮಾಡಿ ಆ ಒಂದು ಮಾತು ಹೇಳಿಬಿಡು. ನಾನು ಬರೆದೆನೆಂದು ಬಾಯಿ ಬಿಡಬೇಡ. ಬೇಕಾದರೆ ಮೊದಲು ನನ್ನನ್ನು ಚೆನ್ನಾಗಿ ಬೈದು ಆಮೇಲೆ ಹೇಳು. ಆಗ ಬೇಗ ನಂಬುತ್ತಾಳೆ.