ಬೈಬಲಿಗೆ ಸೇರದ ಮರಿಯಳ ಮಾತು

ತಡಸ, ಶುಕ್ರವಾರ

ಅಪ್ಪಾ,

ಸವಣೂರಿನ ಹವೆಗೆ ನಿಮ್ಮ ಕೆಮ್ಮು ಕಡಿಮೆಯಾಗಿರಬೇಕು. ಇನ್ನೂ ಒಂದು ವಾರ ಅಕ್ಕನ ಮನೆಯಲ್ಲೇ ಇರಿ. ಫೋನಿನಲ್ಲಿ ಹೇಳಿದರೆ ಕೂಡಲೇ ಹೊರಟುಬಿಡುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನೆ ನಮ್ಮ ಚರ್ಚಿನ ಸಭೆಯ ಹಿರಿಯರು ಮೂವರು ಮನೆಗೆ ಬಂದಿದ್ದರು. ಮಗ್ದಲದ ಮರಿಯಳು ಯೇಸುವಿನ ಶಿಷ್ಯರಿಗೆ ಬೋಧಿಸುವ ಹಳೆಯ ಗ್ರಂಥವನ್ನು ನೀವು ಕನ್ನಡಕ್ಕೆ ಅನುವಾದಿಸಿ ಹೆಣ್ಣುಮಕ್ಕಳ ಪ್ರಾರ್ಥನಾ ಕೂಟದಲ್ಲಿ ಓದಿದಿರಲ್ಲ, ಆ ನೋಟ್‌ಬುಕ್ಕಿನ ವಿಷಯ. ಚಹಾ ಕುಡಿದ ಮೇಲೆ ಅವರಲ್ಲಿ ದೇವಪುತ್ರ ಕಾಕಾ ಮೆಲ್ಲಗೆ ಹೇಳಿದರು:

"ಬೈಬಲ್‌ನ್ಯಾಗ ಇಲ್ಲದ್ದು ನಮಗ ಬ್ಯಾಡವಾ. ಐತವಾರ ಎಲ್ಲಾರ ಮುಂದ ನಿಂತು ನೀನ ಅದನ್ನ ಹರಿದು ಹಾಕು. ಇಲ್ಲಂದ್ರ ನಿಮ್ಮಪ್ಪಗ ನಿಮ್ಮವ್ವನ ಬಾಜೂಕ ಮಣ್ಣಾಗಾಕ ಜಾಗಾ ಸಿಗೂದಿಲ್ಲ."

"ಅಪ್ಪ ಇನ್ನೂ ಗಟ್ಟಿ ಅದಾರ್ರಿ ಕಾಕಾ," ಅಂದೆ.

"ಅದಕ್ಕ ಈಗ ಹೇಳಾಕತ್ತೇನಿ," ಅಂದರು.

ಇವತ್ತು ಬೆಳಿಗ್ಗೆ ಸ್ಮಶಾನಕ್ಕೆ ಹೋಗಿದ್ದೆ. ಅವ್ವನ ಶಿಲುಬೆಯನ್ನು ಯಾರೋ ಕಿತ್ತು ಗೋಡೆಗೆ ಒರಗಿಸಿದ್ದರು. ಮುರಿದಿಲ್ಲ. ಮನೆಗೆ ತಂದು ಒರೆಸಿಟ್ಟಿದ್ದೇನೆ.

ಆಮೇಲೆ ಕೂತು, ಮೊದಲ ಸಲ, ನಿಮ್ಮ ನೋಟ್‌ಬುಕ್ಕನ್ನು ಪೂರ್ತಿ ಓದಿದೆ. ಹನ್ನೊಂದನೇ ಪುಟದಲ್ಲಿ ಶಾಯಿ ಹರಡಿ ಒಂದು ಸಾಲು ಕಾಣುತ್ತಿಲ್ಲ. ಹೆಣ್ಣಿನ ಮಾತನ್ನು ನಾವೇಕೆ ಕೇಳಬೇಕೆಂದು ಶಿಷ್ಯ ಪೇತ್ರನು ಸಿಟ್ಟಾದ ಮೇಲೆ ಮರಿಯಳು ಏನೆಂದಳು? ಅದನ್ನು ಬರೆದು ಈ ಪತ್ರ ತರುವ ಜಗದೀಶನ ಕೈಯಲ್ಲೇ ಕಳಿಸಿ, ಮರೆಯಬೇಡಿ.

ಭಾನುವಾರ ನಾನು ಎಲ್ಲರ ಮುಂದೆ ನಿಲ್ಲುತ್ತೇನೆ. ಆದರೆ ಹರಿಯುವುದಿಲ್ಲ, ಓದುತ್ತೇನೆ. ಸಂಜೆಯೊಳಗೆ ನನ್ನ ಫೋನ್ ಬರದಿದ್ದರೆ ಭಾವನನ್ನು ಕಳಿಸಿ. ಒಬ್ಬರನ್ನೇ ಕಳಿಸಬೇಡಿ. ನೀವಂತೂ ಬರಲೇಬೇಡಿ.

ನಿಮ್ಮ ಮಗಳು,
ಸುಗುಣಾ