ಉಕ್ಕು ಕುಡಿದ ಹೈಡ್ರೋಜನ್

ಮಾರ್ಚ್ 9, ರಾತ್ರಿ.

ಕಾಲುಸೇತುವೆಯ ಬೋಲ್ಟುಗಳನ್ನು ಅತಿಯಾಗಿ ಬಿಗಿದು ಮುರಿದನೆಂದು ಫಿಟ್ಟರ್ ಆಗಿರುವ ನನ್ನ ತಮ್ಮನನ್ನು ಕಂಪನಿಯವರು ಕೆಲಸದಿಂದ ತೆಗೆಯಲು ಹೊರಟಿದ್ದಾರೆ. ಹಿಂದಿನ ಸೇತುವೆ ಕುಸಿದಾಗಲೂ ತಪ್ಪನ್ನು ಆಗಿನ ಫಿಟ್ಟರನ ಕೊರಳಿಗೇ ಕಟ್ಟಿದ್ದರು, ನಾನು ಮರೆತಿಲ್ಲ. ಆದರೆ ಬಿಗಿದ ಮರುದಿನ, ಯಾರೂ ಮುಟ್ಟದಿದ್ದಾಗ ಅವು ಮುರಿದದ್ದು ಹೇಗೆ?

ಲೋಹದ ಲ್ಯಾಬಿನಲ್ಲಿರುವ ಮಗಳನ್ನು ಕೇಳಿದೆ.

“ತುಕ್ಕು ತೆಗೆಯೋಕೆ ಆಸಿಡ್‌ಗೆ ಅದ್ದಿದಾಗ ಉಕ್ಕು ಹೈಡ್ರೋಜನ್ ಕುಡಿಯುತ್ತೆ, ಅಪ್ಪ. ಒಳಗೆ ಪರಮಾಣುಗಳ ಸಾಲು ಎಲ್ಲಿ ತಪ್ಪಿದೆಯೋ ಅಲ್ಲಿ ಠಿಕಾಣಿ ಹೂಡುತ್ತೆ. ಒಲೆಯಲ್ಲಿ ಕಾಯಿಸಿ ಓಡಿಸದಿದ್ರೆ, ಬಿಗಿದ ಮೇಲೆ ನಿಧಾನವಾಗಿ ಸೀಳುತ್ತೆ.”

“ಅದು ಗಟ್ಟಿ ಉಕ್ಕಲ್ವೇನೇ?”

“ಗಟ್ಟಿ ಮಾಡೋಕೆ ಬಡಿದಷ್ಟೂ ಸಾಲು ತಪ್ಪುತ್ತೆ. ಹೈಡ್ರೋಜನ್‌ಗೆ ಕೋಣೆ ಜಾಸ್ತಿ, ಬಾಡಿಗೆದಾರರೂ ಜಾಸ್ತಿ.”

ನಾಳೆ ವಿಚಾರಣೆಯಲ್ಲಿ ಇದೊಂದನ್ನೇ ಕೇಳುತ್ತೇನೆ: ಆ ಬೋಲ್ಟುಗಳನ್ನು ಕಾಯಿಸಿದ್ದಿರಾ? ಇಲ್ಲವೆಂದರೆ ತಮ್ಮ ಉಳಿದ. ಹೌದೆಂದರೆ? ಅಷ್ಟು ಆಳದಲ್ಲಿ ಬೇರೂರಿದ್ದು ಕಾಯಿಸಿದ ಮಾತ್ರಕ್ಕೆ ಪೂರ್ತಿ ಹೊರಬರುತ್ತದೆಯೇ? ಮಗಳು ಮಲಗಿದ್ದಾಳೆ. ಎಬ್ಬಿಸಿ ಕೇಳಿಬಿಡಲೇ, ಅಥವಾ ಬೆಳಿಗ್ಗೆ ವಿಚಾರಣೆಗೆ ಹೊರಡುವ ಮುನ್ನ ಕೇಳಲೇ?